ಮುಳುಗಿದ ಊರು, ಹೂತುಹೋದ ಊರು: ಅಂತಾಲ್ಯದಿಂದ ಮೈರಾ, ಕೆಕೋವಾಗೆ ಒಂದು ದಿನ

ಟರ್ಕಿಯ ದಕ್ಷಿಣ ಕರಾವಳಿಯ ಅಂತಾಲ್ಯದಲ್ಲಿ ನೀವು ಎರಡು ದಿನ ಉಳಿದರೆ ಸಾಕು, ಯಾರಾದರೊಬ್ಬರು ಒಂದು ಬಣ್ಣದ ಕಾಗದ ಕೈಗಿಡುತ್ತಾರೆ. 'ಡೆಮ್ರೆ, ಮೈರಾ, ಕೆಕೋವಾ: ಒಂದು ದಿನದ ಟೂರ್.' ಡೆಮ್ರೆ ಈಗಿನ ಊರು, ಮೈರಾ ಅಲ್ಲಿನ ಪ್ರಾಚೀನ ಪಟ್ಟಣ, ಕೆಕೋವಾ ಹತ್ತಿರದ ದ್ವೀಪ. ಕಾಗದದ ಮೇಲೆ ಬಂಡೆಯಲ್ಲಿ ಕೊರೆದ ಗೋರಿಗಳು, ನೀಲಿ ಸಮುದ್ರ, ಮೂಲೆಯಲ್ಲಿ ಒಬ್ಬ ಸಾಂಟಾ ಕ್ಲಾಸ್. ಸಾಂಟಾ ಇಲ್ಲೇನು ಮಾಡುತ್ತಿದ್ದಾನೆ ಅಂತ ನಮಗೂ ಅನಿಸಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಅಪ್ಪ, ಅಮ್ಮನ ಜೊತೆ ಈ ಟೂರ್ ಮಾಡಿದೆ. ಮೊದಲ ಸಲ ಅರ್ಧ ದಿನ ಹಾಳಾಯಿತು. ಎರಡು ದಿನ ಬಿಟ್ಟು ನಾವೇ ಮತ್ತೊಮ್ಮೆ ಹೋದಾಗ ಸರಿಯಾಗಿ ನೋಡಿದೆವು. ಆ ಎರಡೂ ಸಲ ಕಲಿತದ್ದನ್ನು ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಹೋಗುವ ಮುಂಚೆ ಒಂದು ಮಾತು ತಲೆಯಲ್ಲಿಟ್ಟುಕೊಳ್ಳಿ. ಪ್ರತಿ ಜಾಗದಲ್ಲಿ ನಿಂತಾಗಲೂ ಗೈಡ್‌ಗೆ ಒಂದೇ ಪ್ರಶ್ನೆ ಕೇಳಿ: "ಆಗ ನೀರು ಎಲ್ಲಿತ್ತು?" ಈ ಕರಾವಳಿಯಲ್ಲಿ ಒಂದು ಊರನ್ನು ನದಿ ಹೂಳಿನಲ್ಲಿ ಮುಚ್ಚಿದೆ, ಒಂದು ಬಂದರು ಜೌಗಾಗಿದೆ, ಇನ್ನೊಂದು ಊರು ಸಮುದ್ರಕ್ಕೆ ಇಳಿದಿದೆ. ಈ ಪ್ರಶ್ನೆ ಕೇಳದೆ ಹೋದರೆ ನಿಮಗೆ ಸಿಗುವುದು ಮೂರು ಫೋಟೊ ಸ್ಟಾಪ್, ಒಂದು ಊಟ, ಅಷ್ಟೆ.

ಬುಕ್ ಮಾಡುವ ಮುಂಚೆ ಕೇಳಬೇಕಾದ್ದು

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಟರ್ಕಿಗೆ ವೀಸಾ ಬೇಕು. ಅಮೆರಿಕ, ಬ್ರಿಟನ್, ಐರ್ಲೆಂಡ್ ಅಥವಾ ಶೆಂಗೆನ್ ದೇಶಗಳ ಚಾಲ್ತಿ ವೀಸಾ ಇದ್ದರೆ ಇ-ವೀಸಾ ಮಾಡಿಸಿಕೊಳ್ಳುವ ದಾರಿ ಇದೆ. ಇಲ್ಲದಿದ್ದರೆ ಮಾಮೂಲಿ ಅರ್ಜಿ. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡಿಸುವ ಮುಂಚೆ ಒಮ್ಮೆ ನೋಡಿಬಿಡಿ.

ಟೂರ್ ವಿಷಯಕ್ಕೆ ಬಂದರೆ, ನಮ್ಮ ಮೊದಲ ತಪ್ಪು ಅತಿ ಅಗ್ಗದ್ದನ್ನು ಹಿಡಿದದ್ದು. ದರ ಕೇಳಿ ಅಪ್ಪನಿಗೆ ಖುಷಿಯೋ ಖುಷಿ. ಮರುದಿನ ಬಸ್ಸು ಮೊದಲು ನಿಂತದ್ದು ಒಡವೆ ಅಂಗಡಿಯ ಮುಂದೆ. ಅಲ್ಲಿ ಒಂದು ಗಂಟೆ. ವಾಪಸ್ ಬರುವಾಗ ಚರ್ಮದ ಜಾಕೆಟ್ ಅಂಗಡಿ, ಅಲ್ಲೂ ಒಂದು ಗಂಟೆ. ಜುಲೈ ಬಿಸಿಲಲ್ಲಿ ಯಾರಿಗೆ ಬೇಕು ಚರ್ಮದ ಜಾಕೆಟ್? ಆ ಎರಡು ಗಂಟೆಗೆ ಬದಲಾಗಿ ಕತ್ತರಿ ಬಿದ್ದದ್ದು ಮೈರಾಗೆ. ಅಲ್ಲಿ ಸಿಕ್ಕಿದ್ದು ಇಪ್ಪತ್ತೈದು ನಿಮಿಷ.

ಹಾಗಾಗಿ ಇಷ್ಟನ್ನು ಕೇಳಿಯೇ ದುಡ್ಡು ಕೊಡಿ. ದಾರಿಯಲ್ಲಿ ಅಂಗಡಿ ಸ್ಟಾಪ್ ಇದೆಯಾ, ಇದ್ದರೆ ಎಷ್ಟು? ಮೈರಾ ಮತ್ತು ಡೆಮ್ರೆಯ ಸಂತ ನಿಕೋಲಸ್ ಚರ್ಚಿನ ಟಿಕೆಟ್ ದರ ಸೇರಿದೆಯಾ? ಈ ಟಿಕೆಟ್‌ಗಳು ಸಣ್ಣ ಮೊತ್ತವಲ್ಲ, ನಾಲ್ಕು ಜನರಿದ್ದರೆ ಟೂರ್ ದರದಷ್ಟೇ ಆಗಿಬಿಡಬಹುದು. ದೋಣಿ ಕಾಲೆಕೊಯ್ ಹಳ್ಳಿಯಲ್ಲಿ ನಿಲ್ಲುತ್ತದಾ, ಅಥವಾ ದೂರದಿಂದ ತೋರಿಸಿ ಮುಂದೆ ಹೋಗುತ್ತದಾ? ಇದು ಬಹಳ ಮುಖ್ಯ. ಗೈಡ್‌ಗೆ ಲೈಸೆನ್ಸ್ ಇದೆಯಾ? ಟರ್ಕಿಯಲ್ಲಿ ಲೈಸೆನ್ಸ್ ಇರುವ ಗೈಡ್‌ಗಳ ಕೊರಳಲ್ಲಿ 'ಕೊಕಾರ್ಟ್' ಎಂಬ ಗುರುತಿನ ಚೀಟಿ ಇರುತ್ತದೆ. ಏಜೆನ್ಸಿಗೆ 'ತುರ್ಸಾಬ್' ಒಕ್ಕೂಟದ ನೋಂದಣಿ ಸಂಖ್ಯೆ ಇರಬೇಕು. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಏಪ್ರಿಲ್, ಮೇ, ಅಕ್ಟೋಬರ್ ಒಳ್ಳೆಯ ಕಾಲ. ಜುಲೈ, ಆಗಸ್ಟ್‌ನಲ್ಲಿ ಕಲ್ಲು ಕಾದ ಹೆಂಚಿನಂತಿರುತ್ತದೆ. ಚಳಿಗಾಲದಲ್ಲಿ ದೋಣಿಗಳು ಕಡಿಮೆ, ಸಮುದ್ರವೂ ಮುನಿಸಿಕೊಂಡಿರುತ್ತದೆ.

ಚೀಲದಲ್ಲಿ ಏನಿರಬೇಕು

ಜಾರದ ಅಡಿಯ ಶೂ. ಚಪ್ಪಲಿ ಬೇಡ, ಸಾವಿರಾರು ಕಾಲು ಸವೆಸಿದ ಅಮೃತಶಿಲೆ ಒದ್ದೆಯಾದರೆ ಸಾಬೂನಿನಂತೆ ಜಾರುತ್ತದೆ. ಟೋಪಿ, ನೀರು, ಟವೆಲ್, ಒಂದು ಜೊತೆ ಬಟ್ಟೆ, ಸ್ವಲ್ಪ ಚಿಲ್ಲರೆ ಲಿರಾ. ವಾಂತಿ ಬರುವವರು ಮಾತ್ರೆ ಮರೆಯಬೇಡಿ, ಅದು ದೋಣಿಗಿಂತ ಜಾಸ್ತಿ ಬಸ್ಸಿಗೆ ಬೇಕಾಗುತ್ತದೆ.

ಚೀಲಕ್ಕೆ ತೂಕವಾಗದ ಇನ್ನೊಂದು ಸಾಮಾನೂ ಇದೆ, ಭಾಷೆ. ನಮಗೆ ಟರ್ಕಿಶ್ ಬರುವುದಿಲ್ಲ ಅಂದುಕೊಂಡಿದ್ದೆವು. ಅರ್ಧಂಬರ್ಧ ಬರುತ್ತದೆ! ಅರಬ್ಬಿ, ಪಾರಸಿಯಿಂದ ಅವರಿಗೂ ನಮಗೂ ಬಂದ ಪದಗಳು ಎಷ್ಟೊಂದು. ಹೋಟೆಲಿನಲ್ಲಿ ಬಿಲ್ ಬೇಕಾದರೆ 'ಹೆಸಾಪ್' ಅನ್ನಿ, ನಮ್ಮ ಹಿಸಾಬು. ಸಾಬೂನು ಅವರಿಗೆ 'ಸಾಬುನ್', ಮೈದಾನ 'ಮೆಯ್ದಾನ್', ಹವಾ 'ಹವಾ'ನೇ, ಪನೀರ್ 'ಪೆಯ್ನಿರ್'. ನಮ್ಮ ಕಿಲ್ಲೆ ಅಲ್ಲಿ 'ಕಾಲೆ'. ಅಮ್ಮ ಈ ಪಟ್ಟಿ ಹಿಡಿದೇ ಒಂದು ವಾರ ವ್ಯಾಪಾರ ಮಾಡಿದರು.

ಬೆಳಗ್ಗೆ: ಎಡಗಡೆಯ ಸೀಟು

ಬಸ್ಸು ಬೆಳಗ್ಗೆ ಆರೂವರೆ, ಏಳರ ಹೊತ್ತಿಗೆ ಹೋಟೆಲಿಗೆ ಬರುತ್ತದೆ. ಆಮೇಲೆ ಇನ್ನೂ ಹತ್ತು ಹೋಟೆಲ್ ಸುತ್ತುತ್ತದೆ, ತಾಳ್ಮೆ ಇರಲಿ. ಡೆಮ್ರೆ ಅಂತಾಲ್ಯದಿಂದ ಸುಮಾರು 140 ಕಿಲೋಮೀಟರ್. ದೂರ ಕೇಳಿ ಎರಡು ಗಂಟೆ ಅಂದುಕೊಳ್ಳಬೇಡಿ, ಮೂರಕ್ಕೆ ಹತ್ತಿರ.

ಹೋಗುವಾಗ ಎಡಗಡೆ ಕುಳಿತುಕೊಳ್ಳಿ, ಸಮುದ್ರ ಆ ಕಡೆ. ಕೆಮೆರ್ ದಾಟುವವರೆಗೆ ಪೈನ್ ಕಾಡು, ಬೆಟ್ಟ. ಫಿನಿಕೆ ಬಂದಾಗ ಕಿತ್ತಳೆ ತೋಟಗಳು. ಫಿನಿಕೆಯಿಂದ ಡೆಮ್ರೆಯವರೆಗೆ ರಸ್ತೆ ಬೆಟ್ಟದ ಸೊಂಟ ಹಿಡಿದು ತಿರುಗುತ್ತದೆ, ಕೆಳಗೆ ನೇರ ಸಮುದ್ರ. ಮಾತ್ರೆಯನ್ನು ಅದಕ್ಕೂ ಅರ್ಧ ಗಂಟೆ ಮುಂಚೆ ನುಂಗಿ.

ಕೊನೆಯ ತಿರುವಿನಲ್ಲಿ ಡೆಮ್ರೆಯ ಬಯಲು ಕಾಣಿಸುತ್ತದೆ. ಹೊಳೆಯುವ ಬಿಳಿ ಹಾಸು. ನಾನು ಅದೂ ನೀರೇ ಅಂದುಕೊಂಡೆ. ಅಲ್ಲ, ಗ್ರೀನ್‌ಹೌಸ್‌ಗಳು. ಟೊಮೆಟೊ ಬೆಳೆಯುವ ಊರು ಇದು. ನದಿ ಹೊತ್ತು ತಂದ ಮೆಕ್ಕಲು ಮಣ್ಣಿನ ಬಯಲು. ಆ ಟೊಮೆಟೊ ತೋಟಗಳ ಕೆಳಗೇ ಹಳೆಯ ಮೈರಾ ಪಟ್ಟಣದ ಹೆಚ್ಚಿನ ಭಾಗ ಇನ್ನೂ ಮಲಗಿದೆ.

ಮೊದಲು ಸಾಂಟಾನ ಮನೆ

ಊರಿನ ನಡುವೆ ಸಂತ ನಿಕೋಲಸ್ ಚರ್ಚ್. ಇವನೇ ನಮ್ಮ ಸಾಂಟಾ ಕ್ಲಾಸ್. ಹಿಮದ ನಾಡಿನವನಲ್ಲ, ಇದೇ ಕರಾವಳಿಯ ಪತಾರಾದಲ್ಲಿ ಹುಟ್ಟಿ, 4ನೇ ಶತಮಾನದಲ್ಲಿ ಮೈರಾದ ಬಿಷಪ್ ಆದವನು. ಇವನ ಕಥೆ ಗೈಡ್ ಹೀಗೆ ಹೇಳಿದರು: ಒಬ್ಬ ಬಡವನಿಗೆ ಮೂವರು ಹೆಣ್ಣುಮಕ್ಕಳು, ಮದುವೆಗೆ ಕೊಡಲು ಕಾಸಿಲ್ಲ. ನಿಕೋಲಸ್ ರಾತ್ರಿ ಹೊತ್ತು ಯಾರಿಗೂ ಕಾಣದಂತೆ ಕಿಟಕಿಯಿಂದ ಚಿನ್ನದ ಗಂಟು ಎಸೆದುಹೋದ. ಅಮ್ಮ ತಕ್ಷಣ, "ಅಯ್ಯೋ, ಇಲ್ಲೂ ವರದಕ್ಷಿಣೆನಾ?" ಅಂದರು.

ಚರ್ಚಿನೊಳಗೆ ಹೋಗುವಾಗ ನೀವು ಕೆಳಗೆ ಇಳಿಯುತ್ತೀರಿ. ಗಮನಿಸಿ. ಕಟ್ಟಿದಾಗ ಇದು ನೆಲಮಟ್ಟದಲ್ಲೇ ಇತ್ತು. ಬೆಟ್ಟದಿಂದ ಬರುವ ಮೈರೋಸ್ ನದಿ ಶತಮಾನಗಳ ಕಾಲ ಹೂಳು ತಂದು ಸುರಿದು, ನೆಲವನ್ನೇ ಮೇಲೆತ್ತಿತು. ನಮ್ಮ ಪ್ರಶ್ನೆಗೆ ಮೊದಲ ಉತ್ತರ ಈ ಮೆಟ್ಟಿಲುಗಳಲ್ಲೇ ಸಿಗುತ್ತದೆ.

ಒಳಗೆ ಮಾಸಿದ ಗೋಡೆಚಿತ್ರಗಳು, ಬಣ್ಣದ ಕಲ್ಲಿನ ತುಂಡು ಜೋಡಿಸಿದ ನೆಲ, ಒಡೆದ ಕಲ್ಲಿನ ಶವಪೆಟ್ಟಿಗೆ. 1087ರಲ್ಲಿ ಇಟಲಿಯ ಬಾರಿ ಊರಿನ ನಾವಿಕರು ಬಂದು ಸಂತನ ಮೂಳೆಗಳನ್ನು ಹೊತ್ತೊಯ್ದರು. ಇಂದಿಗೂ ಬಾರಿಯಲ್ಲಿ ಅವಕ್ಕೆ ದೊಡ್ಡ ಚರ್ಚಿದೆ. ರಷ್ಯಾದ ಯಾತ್ರಿಗಳು ಇಲ್ಲಿ ಜಾಸ್ತಿ. ಅವರಿಗಿದು ಟೂರ್ ಅಲ್ಲ, ದೇವಸ್ಥಾನ. ಅವರು ಕಣ್ಣು ಮುಚ್ಚಿ ನಿಂತಿರುವಾಗ ಅಡ್ಡ ಹೋಗಿ ಸೆಲ್ಫಿ ತೆಗೆಯಬೇಡಿ. ನಲವತ್ತು ನಿಮಿಷ ಸಾಕು.

ಮೈರಾ: ಇಲ್ಲಿ ಆತುರ ಬೇಡ

ಚರ್ಚಿನಿಂದ ಸ್ವಲ್ಪ ದೂರದಲ್ಲೇ ಮೈರಾದ ಅವಶೇಷಗಳು. ಗೇಟಿನ ತನಕ ದಾಳಿಂಬೆ ರಸದ ಅಂಗಡಿ, ಸಂತನ ಪಟಗಳ ಅಂಗಡಿ. ರಸವನ್ನು ವಾಪಸ್ ಬರುವಾಗ ಕುಡಿಯಿರಿ, ಈಗ ಸಮಯ ಬೇಡ.

ಒಳಗೆ ಹೋದ ಕೂಡಲೇ ಎದುರಿಗೆ ಕಡಿದಾದ ಬಂಡೆ. ಅದರ ತುಂಬಾ ಮನೆಗಳು. ಹೌದು, ನೋಡಲು ಥೇಟ್ ಮನೆಗಳೇ. ಒಂದರ ಮೇಲೊಂದು, ಬಾಗಿಲು, ಚೌಕಟ್ಟು, ತೊಲೆ. ಇವು ಈ ಕರಾವಳಿಯ ಪ್ರಾಚೀನ ನಾಡು ಲಿಸಿಯಾದ ಜನರ ಗೋರಿಗಳು, ಹೆಚ್ಚಿನವು ಕ್ರಿಸ್ತಪೂರ್ವ 4ನೇ ಶತಮಾನದವು. ಚಾವಣಿಯ ಅಂಚನ್ನು ಹತ್ತಿರದಿಂದ ನೋಡಿ. ದುಂಡನೆಯ ಮರದ ತೊಲೆಗಳ ತುದಿ ಹೊರಗೆ ಚಾಚಿದಂತೆ ಕಲ್ಲಿನಲ್ಲಿ ಕೆತ್ತಿದ್ದಾರೆ. ಅವರು ಬದುಕಿದ್ದ ಮರದ ಮನೆಗಳು ಒಂದೂ ಉಳಿದಿಲ್ಲ. ಅವು ಹೇಗಿದ್ದವು ಅಂತ ನಮಗೆ ತಿಳಿದಿರುವುದೇ ಸತ್ತವರಿಗೆ ಕಟ್ಟಿದ ಈ ಕಲ್ಲಿನ ನಕಲಿನಿಂದ.

1840ರಲ್ಲಿ ಇಲ್ಲಿಗೆ ಬಂದ ಚಾರ್ಲ್ಸ್ ಫೆಲೋಸ್ ಎಂಬ ಇಂಗ್ಲಿಷ್ ಪ್ರವಾಸಿ ಗೋರಿಗಳ ಮೇಲೆ ಕೆಂಪು, ಹಳದಿ, ನೀಲಿ ಬಣ್ಣ ಇನ್ನೂ ಉಳಿದಿರುವುದನ್ನು ಕಂಡಿದ್ದ. ಈಗ ಬರೀ ಕಲ್ಲು. ಒಂದು ನಿಮಿಷ ನಿಂತು ಇಡೀ ಬಂಡೆಗೆ ಮನಸ್ಸಿನಲ್ಲೇ ಬಣ್ಣ ಬಳಿಯಿರಿ. ಆಗ ಅದರ ಗತ್ತೇ ಬೇರೆ.

ಲಿಸಿಯಾದ ಊರುಗಳದ್ದು ಒಂದು ಒಕ್ಕೂಟವಿತ್ತು. 23 ಊರುಗಳು, ದೊಡ್ಡ ಊರಿಗೆ ಮೂರು ಮತ, ನಡುವಿನದಕ್ಕೆ ಎರಡು, ಸಣ್ಣದಕ್ಕೆ ಒಂದು. ಮೈರಾಗೆ ಮೂರಿತ್ತು. ಅಮೆರಿಕದ ಸಂವಿಧಾನ ಬರೆಯುವ ಕಾಲದ ಚರ್ಚೆಗಳಲ್ಲೂ ಈ ಲೆಕ್ಕಾಚಾರದ ಪ್ರಸ್ತಾಪ ಬಂದಿತ್ತು. ಅಪ್ಪನಿಗೆ ಇಡೀ ದಿನದಲ್ಲಿ ಹಿಡಿಸಿದ ಸಂಗತಿ ಇದೊಂದೇ.

ಬಂಡೆಯ ಪಕ್ಕದಲ್ಲಿ ರೋಮನ್ ಕಾಲದ ಥಿಯೇಟರ್. 141ರ ಭೂಕಂಪದಲ್ಲಿ ಬಿದ್ದು, ಆಮೇಲೆ ಶ್ರೀಮಂತರ ದಾನದಿಂದ ಮತ್ತೆ ಎದ್ದದ್ದು. ಎಲ್ಲರೂ ಮೇಲೆ ಹತ್ತಿ ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ. ನೀವು ಕೆಳಗೆ, ನೆಲದ ಮೇಲೆ ಬಿದ್ದಿರುವ ಕಲ್ಲುಗಳನ್ನು ನೋಡಿ. ಬಾಯಿ ತೆರೆದ ನಾಟಕದ ಮುಖವಾಡಗಳು ಸಾಲಾಗಿ ಸಿಗುತ್ತವೆ. ಒಂದಂತೂ ನಮ್ಮ ಪಕ್ಕದ ಮನೆಯವರ ಹಾಗೇ ಇತ್ತು, ಹೆಸರು ಬೇಡ.

ಇಲ್ಲಿ ಕನಿಷ್ಠ ಒಂದು ಗಂಟೆ ಬೇಕು. ಗೈಡ್ ಮೂವತ್ತು ನಿಮಿಷ ಅಂದರೆ ಮಾತಿಗೆ ನಿಲ್ಲದೆ ಮೊದಲು ಗೋರಿಗಳ ಹತ್ತಿರ ಹೋಗಿಬಿಡಿ. ವಿವರಣೆ ಬಸ್ಸಿನಲ್ಲೂ ಕೇಳಬಹುದು, ಗೋರಿ ಬಸ್ಸಿಗೆ ಬರುವುದಿಲ್ಲ.

ಊಟ

ಟೂರಿನ ಊಟವೆಂದರೆ ಸಾಮಾನ್ಯವಾಗಿ ಬುಫೆ ಅಥವಾ ದೋಣಿಯಲ್ಲೇ ಮೀನು, ಕೋಳಿ. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿಡಿ. 'ಎತ್‌ಸಿಜ್' ಎಂದರೆ ಮಾಂಸವಿಲ್ಲದ್ದು. ಆದರೆ ಎಷ್ಟೋ ಕಡೆ ಕೋಳಿ, ಮೀನು 'ಮಾಂಸ'ದ ಲೆಕ್ಕಕ್ಕೇ ಬರುವುದಿಲ್ಲ, ಅವನ್ನೂ ಬೇಡ ಎಂದು ಬೇರೆಯಾಗಿ ಹೇಳಬೇಕು. ಬೇಳೆ ಸೂಪು ಚೆನ್ನಾಗಿರುತ್ತದೆ, ಮಾಂಸದ ರಸ ಹಾಕಿದ್ದಾರಾ ಕೇಳಿ ತೆಗೆದುಕೊಳ್ಳಿ. ಕಣ್ಣು ಮುಚ್ಚಿ ನಂಬಬಹುದಾದ್ದು 'ಪೆಯ್ನಿರ್‌ಲಿ ಗ್ಯೋಜ್ಲೆಮೆ', ತೆಳು ರೊಟ್ಟಿಯೊಳಗೆ ಚೀಸ್ ಮಡಚಿ ಹೆಂಚಿನ ಮೇಲೆ ಬೇಯಿಸಿದ್ದು. ಜೊತೆಗೆ 'ಆಯ್ರಾನ್', ಅಂದರೆ ಉಪ್ಪು ಹಾಕಿದ ಮಜ್ಜಿಗೆ. ಒಗ್ಗರಣೆ ಇಲ್ಲ ಅನ್ನುವುದೊಂದೇ ಕೊರತೆ.

ಎಲ್ಲರೂ ಬಿಟ್ಟುಹೋಗುವ ಬಂದರು

ಈಗ ಬಸ್ಸು ನಿಮ್ಮನ್ನು ದೋಣಿ ಕಟ್ಟೆಗೆ ತರುತ್ತದೆ. ಕೆಲವು ಟೂರ್‌ಗಳು ಮುಂದೆ ಉಚಾಅಜ್ ಹಳ್ಳಿಯಿಂದ ದೋಣಿ ಹತ್ತಿಸುತ್ತವೆ. ಆದರೆ ನಿಮ್ಮದು ಡೆಮ್ರೆಯ ಚಾಯ್‌ಆಝಿ ಕಟ್ಟೆಯಿಂದ ಹೊರಡುವುದಾದರೆ ನಿಮ್ಮ ಅದೃಷ್ಟ. ಮೈರಾದ ಹಳೆಯ ಬಂದರು ಆಂಡ್ರಿಯಾಕೆ ಅಲ್ಲೇ ಪಕ್ಕದಲ್ಲಿದೆ. ಹೆಚ್ಚಿನ ಟೂರ್‌ಗಳ ಕಾಗದದಲ್ಲಿ ಇದರ ಹೆಸರೇ ಇರುವುದಿಲ್ಲ. ನನ್ನನ್ನು ಕೇಳಿದರೆ ಇಡೀ ದಿನದ ಗಂಟು ಬಿಚ್ಚುವುದು ಇಲ್ಲೇ.

ಮೈರಾ ಸಮುದ್ರದಿಂದ ಸುಮಾರು 5 ಕಿಲೋಮೀಟರ್ ಒಳಗಿತ್ತು. ಈಜಿಪ್ಟಿನಿಂದ ರೋಮ್‌ಗೆ ಗೋಧಿ ಹೊತ್ತ ಹಡಗುಗಳು ಬಂದು ನಿಲ್ಲುತ್ತಿದ್ದದ್ದು ಆಂಡ್ರಿಯಾಕೆಯಲ್ಲಿ. ಸಂತ ಪೌಲನನ್ನು ಕೈದಿಯಾಗಿ ರೋಮ್‌ಗೆ ಒಯ್ಯುವಾಗ ಮೈರಾದಲ್ಲಿ ಹಡಗು ಬದಲಿಸಿದರು, ಅಲೆಕ್ಸಾಂಡ್ರಿಯಾದ ಹಡಗೊಂದಕ್ಕೆ ಹತ್ತಿಸಿದರು ಎಂದು ಬೈಬಲ್ ಹೇಳುತ್ತದೆ. ಇಲ್ಲಿ ಹೇಡ್ರಿಯನ್ ಚಕ್ರವರ್ತಿಯ ಕಾಲದ, 2ನೇ ಶತಮಾನದ ಕಣಜ ಇಂದಿಗೂ ನಿಂತಿದೆ. ಎಂಟು ಕೋಣೆಗಳ ಉದ್ದನೆಯ ಕಲ್ಲಿನ ಕಟ್ಟಡ. ಈಗ ಅದೇ ಲಿಸಿಯಾ ನಾಗರಿಕತೆಗಳ ಮ್ಯೂಸಿಯಂ. ಮುಂಬಾಗಿಲ ಮೇಲೆ ತಲೆ ಎತ್ತಿ ನೋಡಿ, ಚಕ್ರವರ್ತಿ ಮತ್ತು ರಾಣಿ ಸಬೀನಾಳ ಸವೆದ ಮುಖಗಳಿವೆ.

ನಿಕೋಲಸ್‌ನ ಇನ್ನೊಂದು ಕಥೆ ಇಲ್ಲಿ ಬಂದು ಸೇರುತ್ತದೆ. ಬರಗಾಲದಲ್ಲಿ ಅವನು ಗೋಧಿ ಹಡಗಿನವರನ್ನು ಬೇಡಿಕೊಂಡು ಊರಿಗಷ್ಟು ಇಳಿಸಿಕೊಂಡನಂತೆ. ಹಡಗು ರಾಜಧಾನಿ ಸೇರಿದ ಮೇಲೆ ಅಳೆದು ನೋಡಿದಾಗ ಒಂದು ಕಾಳೂ ಕಮ್ಮಿಯಾಗಿರಲಿಲ್ಲವಂತೆ. ಕಣಜದ ಮುಂದೆ ನಿಂತು ಕೇಳಿದರೆ ಕಥೆಗೆ ತೂಕ ಬರುತ್ತದೆ.

ಹತ್ತಿರದಲ್ಲೇ ಮ್ಯೂರೆಕ್ಸ್ ಎಂಬ ಸಮುದ್ರದ ಬಸವನಹುಳುವಿನ ಚಿಪ್ಪುಗಳ ರಾಶಿ ಸಿಕ್ಕಿದೆ. ರಾಜರು ಉಡುತ್ತಿದ್ದ ನೇರಳೆ ಬಣ್ಣ ತೆಗೆಯುತ್ತಿದ್ದದ್ದು ಇವುಗಳಿಂದಲೇ. 1909ರಲ್ಲಿ ಒಬ್ಬ ಜರ್ಮನ್ ರಸಾಯನಶಾಸ್ತ್ರಜ್ಞ 12,000 ಹುಳುಗಳಿಂದ ತೆಗೆದ ಬಣ್ಣ ಬರೀ 1.4 ಗ್ರಾಂ. ಆ ಬಣ್ಣ ರಾಜರಿಗಷ್ಟೇ ಯಾಕೆ ಎಟುಕುತ್ತಿತ್ತು ಅಂತ ಈಗ ಗೊತ್ತಾಗುತ್ತದೆ, ಅಲ್ವಾ?

ಆಮೇಲೆ ಅದೇ ಪ್ರಶ್ನೆ: ನೀರು ಎಲ್ಲಿತ್ತು? ಕಣಜದ ಮುಂದೆ ಜೊಂಡು ಬೆಳೆದ ಜೌಗು ಕಾಣುತ್ತದಲ್ಲ, ಅದೇ ಬಂದರು. ಹಡಗು ನಿಲ್ಲುತ್ತಿದ್ದ ಜಾಗದಲ್ಲಿ ಈಗ ಕೊಕ್ಕರೆ ನಿಲ್ಲುತ್ತದೆ. ಟೂರಿನಲ್ಲಿ ಇದಕ್ಕೆ ಸಮಯವಿಲ್ಲದಿದ್ದರೆ, ದೋಣಿ ಹೊರಡುವ ಹೊತ್ತನ್ನು ಗೈಡ್ ಹತ್ತಿರ ಖಚಿತ ಮಾಡಿಕೊಂಡು, ಊಟ ಬೇಗ ಮುಗಿಸಿ ಹೋಗಿ ಬನ್ನಿ.

ದೋಣಿ ಹತ್ತಿದ ಮೇಲೆ

ಬೇಸಿಗೆಯಲ್ಲಿ ಅವಶೇಷಗಳು ಬೆಳಗ್ಗೆ, ದೋಣಿ ಮಧ್ಯಾಹ್ನ ಇರುವ ಟೂರ್ ಆರಿಸಿಕೊಳ್ಳಿ. ಸುಡುವ ಹೊತ್ತು ದೋಣಿಯ ನೆರಳಲ್ಲಿ ಕಳೆಯುತ್ತದೆ. ವಸಂತದಲ್ಲಾದರೆ ದೋಣಿ ಮೊದಲು ಇದ್ದರೂ ಚೆನ್ನ, ಬೆಳಗಿನ ನೀರು ಕನ್ನಡಿಯಂತಿರುತ್ತದೆ. ಗಾಳಿ ಎದ್ದು ನೀರು ಕಲಕಿದರೆ ಕೆಳಗಿನದ್ದು ಕಾಣುವುದು ಕಷ್ಟ.

ಕೆಕೋವಾ ಒಂದು ಉದ್ದನೆಯ, ಬರಡು ದ್ವೀಪ. 2ನೇ ಶತಮಾನದ ಭೂಕಂಪದಲ್ಲಿ ಅದರ ಉತ್ತರ ದಂಡೆಯಲ್ಲಿದ್ದ ಊರು ನೀರಿಗೆ ಇಳಿಯಿತು. ದೋಣಿ ದಂಡೆಗೆ ಹತ್ತಿರ ಹೋದಾಗ ನಿಧಾನ ಮಾಡುತ್ತದೆ. ಬಂಡೆಯಲ್ಲಿ ಕಡಿದ ಮೆಟ್ಟಿಲುಗಳು ಇಳಿದು ನೇರ ನೀರೊಳಗೆ ಹೋಗುತ್ತವೆ. ಅರ್ಧ ಗೋಡೆ. ತೊಲೆ ಕೂರಿಸಲು ಕೊರೆದ ಚೌಕದ ತೂತುಗಳು. ಬಾಗಿಲಿನ ಕಲ್ಲು. ನೀರಿನಡಿ ಅಡಿಪಾಯದ ಗೆರೆ, ಒಡೆದ ಮಡಕೆಯ ಚೂರು.

"ಇಷ್ಟೇನಾ ಮುಳುಗಿದ ಊರು? ನಾಲ್ಕು ಮೆಟ್ಟಿಲು!" ಅಂದರು ಅಮ್ಮ. ನಿಜ, ಸಿನಿಮಾದಂತೆ ನೀರೊಳಗೆ ಗೋಪುರ, ಬೀದಿ ನಿರೀಕ್ಷಿಸಿದರೆ ನಿರಾಸೆಯಾಗುತ್ತದೆ. ಗಾಜಿನ ತಳದ ದೋಣಿಗೆ ಜಾಸ್ತಿ ದುಡ್ಡು ಕೊಡುವುದೂ ಸುಮ್ನೆ. ಅಂಚಿಗೆ ಕುಳಿತು ಬರಿಗಣ್ಣಿನಿಂದ ನೋಡಿದರೇ ಚೆನ್ನಾಗಿ ಕಾಣುತ್ತದೆ. ದ್ವೀಪ ಯಾವ ಕಡೆ ಬರುತ್ತದೆ ಅಂತ ಹತ್ತುವಾಗಲೇ ಕೇಳಿ, ಆ ಬದಿಯ ಜಾಗ ಹಿಡಿಯಿರಿ. ಒಂದು ಮೆಟ್ಟಿಲ ಸಾಲನ್ನು ಆರಿಸಿಕೊಂಡು ಮೇಲಿನಿಂದ ಕೆಳಗೆ ಕಣ್ಣಲ್ಲೇ ಇಳಿಯಿರಿ. ಯಾರದೋ ಮನೆಯ ಹಿತ್ತಿಲ ಮೆಟ್ಟಿಲು ಅದು. ಎರಡನೇ ಸಲ ಬಂದಾಗ ಅಮ್ಮ ಅಲ್ಲಿ ಮಾತಾಡಲೇ ಇಲ್ಲ.

ಈ ಪ್ರದೇಶ 1990ರಿಂದ ವಿಶೇಷ ಸಂರಕ್ಷಿತ ವಲಯ. ಅವಶೇಷಗಳ ಮೇಲೆ ಈಜುವುದು, ಮುಳುಗುವುದು ನಿಷಿದ್ಧ. ಈಜಲು ದೋಣಿಯವರೇ ಬೇರೆ ಕೊಲ್ಲಿಯಲ್ಲಿ ನಿಲ್ಲಿಸುತ್ತಾರೆ. ನೀರು ಆಳ, ಈಜು ಬರದವರು ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ, ನಾಚಿಕೆ ಬೇಡ. ನೀರೊಳಗಿನ ಒಂದು ಮಡಕೆ ಚೂರನ್ನೂ ನೆನಪಿಗೆ ಅಂತ ಎತ್ತಿಕೊಳ್ಳಬೇಡಿ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ಅಲ್ಲಿನ ಕಾನೂನು ಕಟ್ಟುನಿಟ್ಟು.

ಕಾಲೆಕೊಯ್: ರಸ್ತೆ ಇಲ್ಲದ ಹಳ್ಳಿ

ದ್ವೀಪದ ಎದುರಿಗೆ, ಮುಖ್ಯ ನೆಲದ ಮೇಲೆ ಕಾಲೆಕೊಯ್. 'ಕೊಯ್' ಅಂದರೆ ಹಳ್ಳಿ, ಹಾಗಾಗಿ ಕಿಲ್ಲೆಹಳ್ಳಿ ಅನ್ನಬಹುದು. ಹಳೆಯ ಹೆಸರು ಸಿಮೆನಾ. ಇಲ್ಲಿಗೆ ಬಸ್ಸು, ಕಾರು ಬರುವುದಿಲ್ಲ. ದೋಣಿಯಲ್ಲಿ ಬರಬೇಕು, ಇಲ್ಲವೇ ಉಚಾಅಜ್‌ನಿಂದ ನಡೆಯಬೇಕು.

ಕೋಟೆಗೆ ಹದಿನೈದು, ಇಪ್ಪತ್ತು ನಿಮಿಷದ ಏರು. ಮನೆಗಳ ಅಂಗಳದ ನಡುವೆಯೇ ದಾರಿ, ಅಲ್ಲಲ್ಲಿ ಹೆಂಗಸರು ಅಂಚಿಗೆ ಕಸೂತಿ ಹಾಕಿದ ತಲೆವಸ್ತ್ರ ಮಾರುತ್ತಾರೆ. ಅಪ್ಪ ಅರ್ಧದಲ್ಲೇ ಐಸ್‌ಕ್ರೀಮ್ ಅಂಗಡಿಯಲ್ಲಿ ಕುಳಿತುಬಿಟ್ಟರು. ಮಂಡಿ ನೋವಿರುವವರಿಗೆ ಅದೇ ಒಳ್ಳೆಯ ಉಪಾಯ. ಮೇಲೆ ಹೋದವರಿಗೆ ಕೋಟೆಯೊಳಗೆ ಬಂಡೆಯಲ್ಲೇ ಕಡಿದ ಪುಟ್ಟ ಥಿಯೇಟರ್ ಸಿಗುತ್ತದೆ. ಏಳು ಸಾಲು, ಸುಮಾರು 300 ಜನ ಕೂರಬಹುದು. ಮೈರಾದ ಥಿಯೇಟರ್ ನೋಡಿ ಬಂದ ಕಣ್ಣಿಗೆ ಇದು ಆಟಿಕೆಯಂತಿದೆ. ಆದರೂ ಇಷ್ಟು ಸಣ್ಣ ಊರಿಗೂ ನಾಟಕ ಬೇಕಿತ್ತಲ್ಲ!

ಕೋಟೆಯ ಗೋಡೆಯಿಂದ ಕೆಳಗೆ ನೋಡಿ. ದಡದ ಹತ್ತಿರ ನೀರಿನಲ್ಲಿ ಒಂಟಿಯಾಗಿ ಒಂದು ಕಲ್ಲಿನ ಶವಪೆಟ್ಟಿಗೆ ನಿಂತಿದೆ. ಮುಚ್ಚಳ ಮಗುಚಿದ ದೋಣಿಯಂತಿದೆ. ಅದನ್ನಿಟ್ಟಾಗ ಅಲ್ಲಿ ಒಣ ನೆಲವಿತ್ತು.

ವಾಪಸ್

ಟೂರ್ ಬೇಡ ಅನ್ನುವವರು ಅಂತಾಲ್ಯದ ಬಸ್ ನಿಲ್ದಾಣದಿಂದ ಫಿನಿಕೆ ಮೇಲೆ ಹೋಗುವ ಬಸ್ಸು ಹಿಡಿದು ಡೆಮ್ರೆಯಲ್ಲಿ ಇಳಿಯಬಹುದು. ನಾವು ಎರಡನೇ ಸಲ ಮಾಡಿದ್ದು ಅದನ್ನೇ. ದೋಣಿಯನ್ನು ಕಟ್ಟೆಯಲ್ಲೇ ಮಾತಾಡಿಕೊಂಡೆವು. ಚೌಕಾಸಿ ನಡೆಯುತ್ತದೆ, ಜನ ಜಾಸ್ತಿ ಇದ್ದಷ್ಟೂ ತಲೆಗೆ ಕಡಿಮೆ ಬೀಳುತ್ತದೆ. ಆದರೆ ಕೊನೆಯ ಬಸ್ಸಿನ ಹೊತ್ತನ್ನು ಇಳಿದ ಕೂಡಲೇ ಕೇಳಿಟ್ಟುಕೊಳ್ಳಿ. ಕೈಯಲ್ಲಿ ಇನ್ನೊಂದು ದಿನವಿದ್ದರೆ ಉಚಾಅಜ್‌ನಲ್ಲಿ ರಾತ್ರಿ ಉಳಿದು, ಬೆಳಗ್ಗೆ ಟೂರ್ ದೋಣಿಗಳು ಬರುವ ಮುಂಚೆಯೇ ಕೆಕೋವಾ ನೋಡಿ.

ಟೂರ್ ಬಸ್ಸಿನಲ್ಲೇ ಬಂದವರು ಈಗ ಬಲಗಡೆಯ ಸೀಟಿಗೆ ಬದಲಾಯಿಸಿಕೊಳ್ಳಿ. ಬೆಳಗ್ಗೆ ಎಡಗಡೆ ಕುಳಿತಿದ್ದವರು ಜಾಗ ಬಿಡಲು ಗೊಣಗುತ್ತಾರೆ. ಅದಕ್ಕೇ ದೋಣಿಯಿಂದ ಇಳಿದ ಮೇಲೆ ಅಂಗಡಿ ಕಡೆ ತಿರುಗದೆ ನೇರ ಬಸ್ಸಿಗೆ ನಡೆಯಿರಿ.